ಬೆಂಡೋಲೆ ಕೊಳ್ಳುವ ಮುಂಚೆ ಬಿಲ್ ಓದಿ

ನಮಸ್ಕಾರ. ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಜನ ಚಿನ್ನ ಕೊಳ್ಳೋದನ್ನು ನೋಡಿದ್ದೀರಲ್ವಾ? ಇವತ್ತಿನ ರೇಟ್ ಎಷ್ಟು, ವೇಸ್ಟೇಜ್ ಎಷ್ಟು, ಮಜೂರಿ ಯಾಕೆ ಇಷ್ಟು ಜಾಸ್ತಿ ಅಂತ ಒಂದೊಂದಕ್ಕೂ ಚೌಕಾಸಿ ಮಾಡುತ್ತಾರೆ. ಅದೇ ಜನ ಮಗಳ ಮದುವೆಗೆ ವಜ್ರದ ಬೆಂಡೋಲೆ ನೋಡುವಾಗ, ಸೆಂಟ್, ವಿವಿಎಸ್, ಸಿವಿಡಿ ಅಂತ ಕಿವಿಗೆ ಬಿದ್ದ ಕೂಡಲೇ, "ನೀವು ಹೇಳಿದ್ರೆ ಸರಿ ಅಣ್ಣ" ಅಂದುಬಿಡುತ್ತಾರೆ. ನನಗೆ ಇದು ನಿಜಕ್ಕೂ ಸಂಕಟ. ಲಕ್ಷಗಟ್ಟಲೆ ದುಡ್ಡು ಕೊಡುವವರು ಕೇಳಲೇಬೇಕು.

ಮೊದಲು ತೂಕ. ಚಿನ್ನದಲ್ಲಿ ಕ್ಯಾರೆಟ್ ಅಂದ್ರೆ ಶುದ್ಧತೆ, ವಜ್ರದಲ್ಲಿ ತೂಕ. 1 ಕ್ಯಾರೆಟ್ ಅಂದ್ರೆ 200 ಮಿಲಿಗ್ರಾಂ, 100 ಸೆಂಟ್. ಒಂದೊಂದರಲ್ಲೂ ಏಳು ಕಲ್ಲಿರುವ ಒಂದು ಜೊತೆ ಬೆಂಡೋಲೆಗೆ ಬಿಲ್‌ನಲ್ಲಿ 70 ಸೆಂಟ್ ಅಂತಿದೆ ಅಂದುಕೊಳ್ಳಿ. ಎರಡೂ ಕಿವಿ ಸೇರಿ 14 ಕಲ್ಲು, ಒಂದೊಂದು ಸುಮಾರು 5 ಸೆಂಟ್. ಇದನ್ನು 70 ಸೆಂಟಿನ ಒಂಟಿ ಕಲ್ಲಿನ ಉಂಗುರದ ಪಕ್ಕ ಇಟ್ಟು ಬೆಲೆ ಹೋಲಿಸಬೇಡಿ, ಯಾಕೆಂದರೆ ಉಳಿದದ್ದೆಲ್ಲ ಒಂದೇ ಇದ್ದರೂ ಕಲ್ಲು ದೊಡ್ಡದಾದಂತೆ ಕ್ಯಾರೆಟ್ಟಿನ ದರವೇ ಏರುತ್ತದೆ. ಹಾಗಾಗಿ ಒಟ್ಟು ತೂಕ ಕೇಳಿದರೆ ಸಾಲದು. ಒಂದು ಕಲ್ಲು ಎಷ್ಟು ಸೆಂಟ್, ಆ ಸೈಜಿಗೆ ದರ ಎಷ್ಟು ಅಂತ ಕೇಳಿ.

ಆಮೇಲೆ ಬಿಲ್‌ನಲ್ಲಿ ಬರೆಯೋ "ಇಎಫ್ ವಿವಿಎಸ್". ಇಎಫ್ ಅನ್ನೋದು ಬಣ್ಣ, ವಿವಿಎಸ್ ಅನ್ನೋದು ಕಲ್ಲು ಒಳಗೆ ಎಷ್ಟು ಸ್ವಚ್ಛ ಅನ್ನೋದು. ಬಣ್ಣವನ್ನು ಡಿ ಇಂದ ಝಡ್ ವರೆಗೆ ಅಳೆಯುತ್ತಾರೆ. ಡಿ ಅಂದ್ರೆ ಬಣ್ಣವೇ ಇಲ್ಲದ್ದು, ಇ ಮತ್ತು ಎಫ್ ಅದರ ಹಿಂದೆಯೇ. ವಿವಿಎಸ್ ಅಂದ್ರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್‌ನಲ್ಲಿ ಪರಿಣತರಿಗೂ ಒಳಗಿನ ದೋಷ ಸಿಗೋದು ಕಷ್ಟ. ಅದರ ಕೆಳಗೆ ವಿಎಸ್, ಇನ್ನೂ ಕೆಳಗೆ ಎಸ್‌ಐ. 5 ಸೆಂಟಿನ ಕಲ್ಲಿನಲ್ಲಿ ವಿವಿಎಸ್‌ಗೂ ವಿಎಸ್‌ಗೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣಲ್ಲ. ನನ್ನನ್ನು ಕೇಳಿದರೆ, ಅಲ್ಲಿ ಉಳಿಸಿದ ದುಡ್ಡನ್ನು ಒಳ್ಳೆ ಕಟ್‌ಗೆ ಹಾಕಿ. ಹೊಳಪು ಬರೋದು ಮುಖ್ಯವಾಗಿ ಕಲ್ಲಿನ ಮುಖಗಳನ್ನು ಸರಿಯಾದ ಕೋನದಲ್ಲಿ ಕತ್ತರಿಸಿದಾಗ.

ಇನ್ನು ಲ್ಯಾಬ್ ವಜ್ರ, ಅಂದ್ರೆ ಗಣಿಯಿಂದ ತೆಗೆಯದೆ ಲ್ಯಾಬ್‌ನಲ್ಲೇ ಬೆಳೆಸಿದ್ದು. ಸಿವಿಡಿ, ಎಚ್‌ಪಿಎಚ್‌ಟಿ ಅಂದ್ರೆ ಅದನ್ನು ಬೆಳೆಸುವ ಎರಡು ವಿಧಾನ. ಅದೂ ಇಂಗಾಲವೇ, ನಿಜವಾದ ವಜ್ರವೇ, ಕಣ್ಣಲ್ಲಿ ನೋಡಿ ಗುರುತಿಸೋಕೆ ಆಗಲ್ಲ, ಮಷಿನ್ನೇ ಬೇಕು. ಆದರೆ ಗಣಿಯ ವಜ್ರಕ್ಕಿಂತ ಬಹಳ ಅಗ್ಗ, ವಾಪಸ್ ಮಾರಲು ಹೋದರೂ ಸಿಗೋದು ಕಡಿಮೆ. ಅಮೆರಿಕನ್ ಡೈಮಂಡ್ ಅನ್ನೋದು ವಜ್ರವೇ ಅಲ್ಲ, ಕ್ಯೂಬಿಕ್ ಜಿರ್ಕೋನಿಯಾ. ಲ್ಯಾಬ್‌ನದು ಕೊಳ್ಳೋದು ತಪ್ಪೇನಲ್ಲ, ಚೆನ್ನಾಗೇ ಇರುತ್ತದೆ. ಬಿಲ್‌ನಲ್ಲಿ ಬರೀ "ಡೈಮಂಡ್" ಅಂತ ಬರೆದು ಅದನ್ನು ಕೊಡೋದು ಮಾತ್ರ ಮೋಸ.

ಒಡವೆ ಮೇಲಿನ ಎಚ್‌ಯುಐಡಿ ಹಾಲ್‌ಮಾರ್ಕ್, ಅಂದ್ರೆ ಶುದ್ಧತೆಯ ಗುರುತು, ಅದರ ಚಿನ್ನಕ್ಕೆ, ಕಲ್ಲಿಗಲ್ಲ. ಕಲ್ಲಿಗೆ ಜಿಐಎ ಅಥವಾ ಐಜಿಐ ಥರದ, ವಜ್ರ ಪರೀಕ್ಷಿಸುವ ಲ್ಯಾಬ್‌ನ ಸರ್ಟಿಫಿಕೇಟ್ ಕೇಳಿ. ದೊಡ್ಡ ಕಲ್ಲಾದರೆ ಅದರ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ನಂಬರ್ ಸಾಮಾನ್ಯವಾಗಿ ಇರುತ್ತದೆ. ಅಂಗಡಿಯವರ ಲೆನ್ಸ್ ಇಸ್ಕೊಂಡು, ಸರ್ಟಿಫಿಕೇಟ್ ಪಕ್ಕದಲ್ಲಿಟ್ಟು, ಒಂದೊಂದೇ ಅಂಕಿ ತಾಳೆ ನೋಡಿ. ಹೊರಡುವ ಮುಂಚೆ, ಚಿನ್ನಕ್ಕೆ ಬೆಲೆ ಹಾಕುವಾಗ ಒಡವೆಯ ಒಟ್ಟು ತೂಕದಿಂದ ಕಲ್ಲಿನ ತೂಕ ಕಳೆದಿದ್ದಾರಾ ಅಂತಲೂ ನೋಡಿ. 70 ಸೆಂಟ್ ಅಂದ್ರೆ 0.14 ಗ್ರಾಂ, ಅದಕ್ಕೆ ಚಿನ್ನದ ರೇಟ್ ಕೊಡಬೇಡಿ.