ಗಪ್ಪಿ ಅಂದ್ರೆ ಯಾರು?

ಕೇಳುಗರಿಗೆ ನಮಸ್ಕಾರ. ಗಾಜಿನ ತೊಟ್ಟಿಯಲ್ಲಿ ಬಾಲ ಬೀಸಿಕೊಂಡು ಓಡಾಡುವ ಪುಟಾಣಿ ಗಪ್ಪಿ ಮೀನು ಗೊತ್ತಲ್ವಾ? ಗಪ್ಪಿ ಅನ್ನುವುದು ನಿಜಕ್ಕೂ ಒಬ್ಬ ಮನುಷ್ಯನ ಹೆಸರು. ಟ್ರಿನಿಡಾಡ್ ದ್ವೀಪದಲ್ಲಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಅಲ್ಲಿನ ಮೀನನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದರು. 1866ರಲ್ಲಿ ಅಲ್ಲಿನ ಆಲ್ಬರ್ಟ್ ಗುಂಥರ್ ಅದಕ್ಕೆ 'ಗಿರಾರ್ಡಿನಸ್ ಗಪ್ಪಿಐ' ಅಂತ ಹೆಸರಿಟ್ಟರು. ಆದರೆ ವಿಲ್ಹೆಲ್ಮ್ ಪೀಟರ್ಸ್ ಅನ್ನುವವರು 1859ರಲ್ಲೇ ಇದೇ ಮೀನಿಗೆ 'ರೆಟಿಕ್ಯುಲೇಟಾ' ಅಂತ ನಾಮಕರಣ ಮುಗಿಸಿದ್ದರು! ಮೊದಲು ಇಟ್ಟ ಹೆಸರೇ ನಿಲ್ಲಬೇಕು ಅನ್ನುವುದು ನಿಯಮ. ಹಾಗಾಗಿ ಇವತ್ತು ಅದು 'ಪೊಯಿಸಿಲಿಯಾ ರೆಟಿಕ್ಯುಲೇಟಾ'. ಗಪ್ಪಿ ಪುಸ್ತಕದಿಂದ ಹೋಯಿತು, ಜನರ ಬಾಯಿಂದ ಹೋಗಲಿಲ್ಲ.

ರೆಟಿಕ್ಯುಲೇಟಾ ಅಂದರೆ ಬಲೆಯಂಥದ್ದು. ಎಲ್ಲಿದೆ ಬಲೆ ಅಂತೀರಾ? ಗಂಡಿನ ಬಣ್ಣ ನೋಡಿ ಮರುಳಾಗಬೇಡಿ, ಯಾರೂ ಜಾಸ್ತಿ ಗಮನಿಸದ ಆ ಬೂದು ಹೆಣ್ಣನ್ನು ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ. ಒಂದೊಂದು ಹುರುಪೆಗೂ ಸಣ್ಣ ಕಪ್ಪು ಅಂಚು, ಅಂಚಿಗೆ ಅಂಚು ಸೇರಿ ಮೈತುಂಬಾ ಬಲೆ.

ತೊಟ್ಟಿಯ ಇನ್ನೊಂದು ಮೀನು ಮೋಲಿಯ ಕಥೆ ಇನ್ನೂ ತಮಾಷೆ. ಕೇಳಿದರೆ ಯಾವುದೋ ಹುಡುಗಿಯ ಹೆಸರಿನ ಹಾಗಿದೆ, ಆದರೆ ಅದು ನೆಪೋಲಿಯನ್ ಕಾಲದ ಖಜಾನೆ ಮಂತ್ರಿ ಫ್ರಾಂಸ್ವಾ ಮೊಲಿಯೆಂ ಅವರದ್ದು. ಅವರ ನೆನಪಿಗೆ 1821ರಲ್ಲಿ 'ಮೊಲಿನೇಸಿಯಾ' ಅನ್ನುವ ಕುಲ, ಅಂದರೆ ಹತ್ತಿರದ ಸಂಬಂಧವಿರುವ ಮೀನುಗಳ ಗುಂಪು, ಹುಟ್ಟಿತು, ಮುಂದೆ ಆ ಕುಲವನ್ನೇ ತೆಗೆದು ಪೊಯಿಸಿಲಿಯಾದೊಳಗೆ ಸೇರಿಸಿಬಿಟ್ಟರು. ಮಂತ್ರಿಯ ಕುರ್ಚಿ ಹೋಯಿತು, ಮೋಲಿ ಉಳಿಯಿತು. ಪ್ಲಾಟಿ ಅನ್ನುವ ಮೀನಿನದ್ದೂ ಅದೇ ಪಾಡು: 'ಪ್ಲಾಟಿಪೊಯಿಸಿಲಸ್' ಅನ್ನುವ ಹಳೆಯ ಹೆಸರಿನ ತುಂಡು ಅದು. ಈಗ ಅದರ ಕುಲ 'ಕ್ಸಿಫೋಫೋರಸ್', ಅಂದರೆ ಕತ್ತಿ ಹೊತ್ತವನು. ಪಾಪ, ಪ್ಲಾಟಿಯ ಬಾಲದಲ್ಲಿ ಕತ್ತಿಯೇ ಇಲ್ಲ!

ಟೆಟ್ರಾ ಅನ್ನುವ ಪುಟ್ಟ ಮೀನುಗಳ ಹೆಸರು ಬಂದಿದ್ದು 'ಟೆಟ್ರಾಗೊನಾಪ್ಟೆರಸ್' ಅನ್ನುವ ಉದ್ದನೆಯ ಹೆಸರಿನಿಂದ. ನಾಲ್ಕು ಮೂಲೆಯ ರೆಕ್ಕೆ ಅಂತ ಅರ್ಥ. ಅಷ್ಟುದ್ದ ಯಾರು ಹೇಳುತ್ತಾರೆ, ಸುಮ್ನೆ ಟೆಟ್ರಾ ಅಂದುಬಿಟ್ಟರು. ಇವುಗಳಲ್ಲಿ ಕೆಂಪು ಹೊಟ್ಟೆ, ನೀಲಿ ಪಟ್ಟೆಯ ಒಂದು ಮೀನಿಗೆ 1956ರಲ್ಲಿ ಎರಡು ಕಡೆಯಿಂದ ಎರಡು ಹೆಸರು ಬಂದವು. ಒಂದು 'ಆಕ್ಸೆಲ್ರಾಡಿ', ಅಕ್ವೇರಿಯಂ ಲೋಕದ ಹರ್ಬರ್ಟ್ ಆಕ್ಸೆಲ್ರಾಡ್ ಹೆಸರಲ್ಲಿ. ಇನ್ನೊಂದು 'ಕಾರ್ಡಿನಾಲಿಸ್'. ಅಚ್ಚಾದ ದಿನಾಂಕಗಳ ನಡುವೆ ಒಂದೇ ದಿನದ ಅಂತರ. ವಿಷಯ ಪ್ರಾಣಿಗಳ ವೈಜ್ಞಾನಿಕ ಹೆಸರು ತೀರ್ಮಾನಿಸುವ ಅಂತಾರಾಷ್ಟ್ರೀಯ ಆಯೋಗದ ತನಕ ಹೋಗಿ, ಒಂದು ದಿನ ಮುಂಚೆ ಬಂದ ಆಕ್ಸೆಲ್ರಾಡಿಯೇ ಗೆದ್ದಿತು. ಆದರೆ ಅಂಗಡಿಯಲ್ಲಿ ಹೋಗಿ ಆಕ್ಸೆಲ್ರಾಡಿ ಕೊಡಿ ಅಂತ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಅದು ಕಾರ್ಡಿನಲ್ ಟೆಟ್ರಾನೇ.