ಜ್ವರ ಬಿಟ್ಟ ಮೇಲೆ ಬರುವ ದದ್ದು

ಎಲ್ಲರಿಗೂ ನಮಸ್ಕಾರ. ಹಿಂದೆ ಅಳುತ್ತಿರುವ ಮಗುವನ್ನು ಹೊರಗೆ ಕರೆದುಕೊಂಡು ಹೋಗಬೇಡಿ, ಮಕ್ಕಳ ಡಾಕ್ಟರಿಗೆ ಇದೆಲ್ಲ ಅಭ್ಯಾಸ. ಅಜ್ಜಿಯರು ಮುಂದೆ ಬನ್ನಿ, ಇವತ್ತಿನ ಮಾತು ಅರ್ಧ ನಿಮಗೇ.

ಹತ್ತು ತಿಂಗಳ ಮಗು ಅಂದುಕೊಳ್ಳಿ. ಬೆಳಗ್ಗೆ ಆಡಿಕೊಂಡಿತ್ತು, ಸಂಜೆಗೆ ಮೈ ಕೆಂಡ. ಥರ್ಮಾಮೀಟರ್ 103, 104 ತೋರಿಸುತ್ತದೆ. ನೆಗಡಿ, ಭೇದಿ ಇದ್ದರೂ ಅಷ್ಟಕ್ಕಷ್ಟೇ. ಔಷಧಿ ಕೊಟ್ಟರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಮೂರರಿಂದ ಐದು ದಿನ ಇದೇ ಗೋಳು. ಆಮೇಲೆ ಜ್ವರ ಒಮ್ಮೆಲೇ ಬಿಡುತ್ತದೆ, ಮನೆಯವರು ಉಸ್ಸಪ್ಪಾ ಅನ್ನುವಷ್ಟರಲ್ಲಿ ಎದೆ, ಹೊಟ್ಟೆ, ಬೆನ್ನಿನ ಮೇಲೆ ಸಣ್ಣ ಸಣ್ಣ ಗುಲಾಬಿ ದದ್ದು ಕಾಣಿಸಿಕೊಂಡು ಕುತ್ತಿಗೆ, ಕೈಗಳಿಗೂ ಹರಡುತ್ತದೆ. ಮನೆಯೆಲ್ಲ ಗಾಬರಿ. ಮಗು ಮಾತ್ರ ನಗುತ್ತಾ ರಿಮೋಟ್ ಕಚ್ಚುತ್ತಾ ಕೂತಿರುತ್ತದೆ!

ಇದೇ ರೋಸಿಯೋಲಾ. ಹರ್ಪಿಸ್ ಗುಂಪಿನ ಒಂದು ವೈರಸ್‌ನಿಂದ, ಹೆಚ್ಚಾಗಿ ಎಚ್‌ಎಚ್‌ವಿ-6ರಿಂದ, ಬರುತ್ತದೆ. ಇದನ್ನು ಜಪಾನಿನ ವೈದ್ಯರು ತೋರಿಸಿಕೊಟ್ಟದ್ದು 1988ರಲ್ಲಿ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೇ ಜಾಸ್ತಿ. ಅದಕ್ಕೂ ಮೊದಲು ಅಮ್ಮನಿಂದ ಬಂದ ರಕ್ಷಣೆ ಸ್ವಲ್ಪ ಇರುತ್ತದೆ. ಹರಡುವುದು ಎಂಜಲಿನಿಂದ, ಅದೂ ಹೆಚ್ಚಾಗಿ ಮೈಯಲ್ಲಿ ಏನೂ ತೊಂದರೆ ಇಲ್ಲದ ದೊಡ್ಡವರ ಎಂಜಲಿನಿಂದ. ಹಾಗಾಗಿ ಪಕ್ಕದ ಮನೆ ಪಾಪುವನ್ನು ದೂರಬೇಡಿ.

ಅಜ್ಜಿಯರು ಕೇಳುತ್ತಾರೆ, ಇದು ದಡಾರ ಅಲ್ವಾ ಅಂತ. ಅಲ್ಲ. ದಡಾರದಲ್ಲಿ ಕಣ್ಣು ಕೆಂಪಾಗಿ, ಕೆಮ್ಮು ನೆಗಡಿ ಜೋರಾಗಿ, ಜ್ವರ ಏರಿರುವಾಗಲೇ ದದ್ದು ಮುಖದಿಂದ, ಕಿವಿಯ ಹಿಂದಿನಿಂದ ಶುರುವಾಗಿ ಕೆಳಗಿಳಿಯುತ್ತದೆ. ಮಗು ಸೋತು ಹೋಗಿರುತ್ತದೆ. ರೋಸಿಯೋಲಾದಲ್ಲಿ ಮೊದಲು ಜ್ವರ ಹೋಗಬೇಕು, ಆಮೇಲೆ ದದ್ದು. ತುರಿಕೆ ಇಲ್ಲ. ಬೆರಳಿಂದ ಒತ್ತಿದರೆ ಬಣ್ಣ ಮಾಯ, ಬಿಟ್ಟರೆ ವಾಪಸ್. ಒಂದೆರಡು ದಿನದಲ್ಲಿ ಕಲೆಯೂ ಇಲ್ಲದೆ ಹೋಗುತ್ತದೆ, ಕ್ಯಾಲಮೈನ್ ಬಳಿಯುವುದೆಲ್ಲ ಸುಮ್ನೆ ಖರ್ಚು.

ಆದರೆ ನಮ್ಮ ಊರಿನಲ್ಲಿ ಒಂದು ತೊಡಕಿದೆ, ಇದನ್ನು ಗಮನವಿಟ್ಟು ಕೇಳಿ. ಮಳೆಗಾಲದ ಬೆಂಗಳೂರು ಅಂದರೆ ಡೆಂಗ್ಯೂ. ಡೆಂಗ್ಯೂನಲ್ಲೂ ಜ್ವರ ಇಳಿಯುವ ಹೊತ್ತಿಗೇ ದದ್ದು ಬರಬಹುದು, ಮತ್ತು ಅಪಾಯ ಶುರುವಾಗುವುದೂ ಆಗಲೇ. ಹಾಗಾಗಿ ಚರ್ಮ ನೋಡಿ ಮನೆಯಲ್ಲೇ ತೀರ್ಪು ಕೊಡಬೇಡಿ, ಮಗುವನ್ನು ನೋಡಿ. ಜ್ವರ ಬಿಟ್ಟ ಮೇಲೂ ಮಗು ಮಂಕಾಗಿದ್ದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಹೊಟ್ಟೆ ಮುಟ್ಟಿದರೆ ಅತ್ತರೆ, ಕೈಕಾಲು ತಣ್ಣಗಾದರೆ, ಮೂಗು ಒಸಡಿನಲ್ಲಿ ರಕ್ತ ಬಂದರೆ, ಒತ್ತಿದರೂ ಬಣ್ಣ ಮಾಸದ ಚುಕ್ಕೆ ಕಂಡರೆ, ನಾಳೆ ನೋಡೋಣ ಅನ್ನಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.

ಇನ್ನು ಆರೈಕೆ. ವೈರಸ್ ಆದ್ದರಿಂದ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಬೇಕಿರುವುದು ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿಗೆ ಕಸಿವಿಸಿ ಆದಾಗ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಎಡವಟ್ಟಾಗುವುದು ಬಾಟಲಿಯಲ್ಲಿ. ಈ ಮೂರು ಬಾಟಲಿ ನೋಡಿ. ಇದು ಡ್ರಾಪ್ಸ್, ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ. ಇದು ಸಿರಪ್, 5 ಎಂಎಲ್‌ನಲ್ಲಿ 125. ಇದೂ ಸಿರಪ್ಪೇ, ಆದರೆ 5 ಎಂಎಲ್‌ನಲ್ಲಿ 250. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಕೊಡಬೇಕಾದರೆ ಮೊದಲನೆಯದರಲ್ಲಿ ಒಂದೂವರೆ ಎಂಎಲ್, ಎರಡನೆಯದರಲ್ಲಿ 6, ಮೂರನೆಯದರಲ್ಲಿ 3. 125ರ ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಹೋಯಿತು! ಆಸ್ಪಿರಿನ್ ಮಾತ್ರ ಮಕ್ಕಳ ಹತ್ತಿರಕ್ಕೂ ತರಬೇಡಿ.

ಕುಲಾವಿ, ಸ್ವೆಟರ್, ಅದರ ಮೇಲೊಂದು ರಗ್ಗು, ಇದೆಲ್ಲ ಬಿಚ್ಚಿ ಅಜ್ಜಿ. ತೆಳು ಹತ್ತಿ ಬಟ್ಟೆ ಸಾಕು. ತಣ್ಣೀರು, ಐಸ್ ಹಚ್ಚುವುದೂ ಬೇಡ, ಮಗು ನಡುಗುತ್ತದೆ ಅಷ್ಟೇ. ಎದೆಹಾಲು ಕೇಳಿದಾಗೆಲ್ಲ ಕೊಡಿ. ದೊಡ್ಡ ಮಗುವಾದರೆ ಗಂಜಿ, ನೀರು, ಬೇಳೆ ಕಟ್ಟು, ಗುಟುಕು ಗುಟುಕಾಗಿ. ರಾಗಿ ಸರಿ ಎರಡು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ, ಆದರೆ ಉಚ್ಚೆ ಕಮ್ಮಿಯಾದರೆ ಡಾಕ್ಟರಿಗೆ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ 100.4 ದಾಟಿದರೆ ಕಾಯುವ ಮಾತೇ ಇಲ್ಲ.

ಕೆಲವು ಮಕ್ಕಳಿಗೆ ಈ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೋಡಲು ಭಯಂಕರ, ಆದರೆ ಬಹುಪಾಲು ಐದು ನಿಮಿಷದೊಳಗೆ ತಾನೇ ನಿಲ್ಲುತ್ತದೆ, ಮೆದುಳಿಗೆ ಪೆಟ್ಟು ಮಾಡುವುದಿಲ್ಲ. ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಅದರಿಂದ ಏನೂ ಉಪಯೋಗವಿಲ್ಲ, ಹೊತ್ತು ಹೋಗುತ್ತದೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಬೇಗ ನಿಂತರೂ, ಮೊದಲ ಸಲ ಬಂದಿದ್ದರೆ ಆವತ್ತೇ ತೋರಿಸಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಜ್ವರದ ಮೂರನೇ ದಿನ ಯಾರೋ ಆಂಟಿಬಯಾಟಿಕ್ ಬರೆದುಕೊಡುತ್ತಾರೆ, ನಾಲ್ಕನೇ ದಿನ ದದ್ದು ಏಳುತ್ತದೆ, ಔಷಧಿ ಅಲರ್ಜಿ ಅಂತ ಮಗುವಿನ ಫೈಲಿನಲ್ಲಿ ದಾಖಲಾಗಿಬಿಡುತ್ತದೆ. ಮುಂದೆ ನಿಜವಾಗಿ ಆ ಔಷಧಿ ಬೇಕಾದಾಗ ಯಾರೂ ಕೊಡುವುದಿಲ್ಲ. ಹಾಗಾಗಿ ಜ್ವರ ಯಾವಾಗ ಬಂತು, ಯಾವಾಗ ಬಿಟ್ಟಿತು, ದದ್ದು ಯಾವಾಗ ಬಂತು, ಮೊಬೈಲಿನಲ್ಲಿ ಬರೆದಿಡಿ, ದದ್ದಿನ ಫೋಟೋ ತೆಗೆದಿಡಿ. ಡಾಕ್ಟರಿಗೆ ಅದೇ ದೊಡ್ಡ ಸಹಾಯ.

ಪ್ಲೇಹೋಮಿಗೆ ಯಾವಾಗ ಕಳಿಸಬಹುದು? ಜ್ವರ ಬಿಟ್ಟು ಒಂದು ದಿನ ಕಳೆದು, ಮಗು ಲವಲವಿಕೆಯಿಂದ ಇದ್ದರೆ, ದದ್ದು ಇದ್ದರೂ ಕಳಿಸಿ. ಸರಿ, ಈಗ ನಿಮ್ಮ ಪ್ರಶ್ನೆ ಕೇಳಿ.