ಸಣ್ಣ ಅಪರಾಧಿಗೆ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಬೇಕೇ?

ಗೆಳೆಯರೇ,

ವಿಶ್ವಕೋಶದಲ್ಲಿ ಯಾರ ಬಗ್ಗೆ ಲೇಖನವಿರಬೇಕೆಂಬ ಚರ್ಚೆ ಎಲ್ಲರೂ ಬಲ್ಲವರ ವಿಷಯದಲ್ಲಿ ಏಳುವುದಿಲ್ಲ. ಕಷ್ಟವಾಗುವುದು ಅಂಚಿನಲ್ಲಿರುವವರ ವಿಷಯದಲ್ಲಿ. ಅದರಲ್ಲೂ ಒಂದೆರಡು ಅಪರಾಧ ಪ್ರಕರಣಗಳಿಂದಾಗಿ ಕೆಲಕಾಲ ಪತ್ರಿಕೆಗಳಲ್ಲಿ ಕಾಣಿಸಿಕೊಂಡು ಆಮೇಲೆ ಮರೆಯಾದವರ ವಿಷಯದಲ್ಲಿ. ವೀರಪ್ಪನ್ ಬಗ್ಗೆ ಲೇಖನ ಬೇಕೇ ಎಂದು ಯಾರೂ ಕೇಳುವುದಿಲ್ಲ. 2000ನೇ ಇಸವಿಯಲ್ಲಿ ಡಾ. ರಾಜ್‌ಕುಮಾರ್ ಅವರು 108 ದಿನ ಕಾಡಿನಲ್ಲಿ ಒತ್ತೆಯಾಳಾಗಿದ್ದುದನ್ನಾಗಲಿ, ಎರಡು ರಾಜ್ಯಗಳ ಪೊಲೀಸ್ ಕಾರ್ಯಾಚರಣೆಯನ್ನಾಗಲಿ ಅವನನ್ನು ಬಿಟ್ಟು ವಿವರಿಸಲಾಗದು. ಆದರೆ ಅಂಥ ಒಂದು ತಂಡದಲ್ಲಿ ಕೆಲವು ತಿಂಗಳು ಇದ್ದು, ಶರಣಾಗಿ, ಶಿಕ್ಷೆ ಮುಗಿಸಿ ಊರು ಸೇರಿದವನೊಬ್ಬನಿಗೆ ಪ್ರತ್ಯೇಕ ಲೇಖನ ಬೇಕೇ? ಇಂದು ನಾನು ಮಾತನಾಡುವುದು ಈ ಎರಡನೆಯವನನ್ನು ಕುರಿತು.

ಇದಕ್ಕೊಂದು ಹಳೆಯ ಉದಾಹರಣೆಯನ್ನು ವಿಸ್ತಾರವಾಗಿ ನೋಡೋಣ. ಮುನ್ನೂರು ವರ್ಷ ಕಳೆದಿರುವುದರಿಂದ ಯಾರ ಮನೆಯವರಿಗೂ ನೋವಾಗದಂತೆ ವಿಚಾರಮಾಡಬಹುದು. 1720ರ ದಶಕದ ಲಂಡನ್ನಿನಲ್ಲಿ ಜೊನಾಥನ್ ವೈಲ್ಡ್ ಎಂಬವನಿದ್ದ. ಒಂದು ಕೈಯಿಂದ ಕಳ್ಳರ ಜಾಲವನ್ನು ನಡೆಸುತ್ತ, ಇನ್ನೊಂದು ಕೈಯಿಂದ ಅದೇ ಕಳ್ಳರನ್ನು ಹಿಡಿದುಕೊಟ್ಟು ಸರ್ಕಾರದ ಬಹುಮಾನ ಪಡೆಯುತ್ತಿದ್ದವನು ಅವನು. ಒಬ್ಬ ದಾರಿದರೋಡೆಕೋರನಿಗೆ ಶಿಕ್ಷೆಯಾದರೆ 40 ಪೌಂಡ್ ಸಿಗುತ್ತಿದ್ದ ಕಾಲವದು. ಕಳ್ಳರನ್ನು ಹಿಡಿಯಲು ಇಂಥವರನ್ನೇ ನೆಚ್ಚಬೇಕಿತ್ತು, ಏಕೆಂದರೆ ಲಂಡನ್ನಿಗೆ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಬಂದದ್ದು 1829ರಲ್ಲಿ. ವೈಲ್ಡ್‌ನ ಎದುರಾಳಿಯಾಗಿದ್ದ ಕಳ್ಳ ಜಾಕ್ ಶೆಪರ್ಡ್ 1724ರ ಒಂದೇ ವರ್ಷದಲ್ಲಿ ನಾಲ್ಕು ಸಲ ಸೆರೆಯಿಂದ ತಪ್ಪಿಸಿಕೊಂಡು, ನವೆಂಬರ್ 16ರಂದು ಟೈಬರ್ನ್‌ನಲ್ಲಿ ನೇಣಿಗೇರಿದ. ಈ ಇಬ್ಬರಿಗೂ ಲೇಖನ ಸಲ್ಲುತ್ತದೆ ಎಂಬುದರಲ್ಲಿ ವಾದವಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಜೀವನಚರಿತ್ರೆ ಕೋಶವು 1885ರಿಂದ 1900ರವರೆಗೆ 63 ಸಂಪುಟಗಳಲ್ಲಿ ಹೊರಬಂದಾಗಲೇ ಇಬ್ಬರೂ ಅದರಲ್ಲಿದ್ದರು.

ಪ್ರಶ್ನೆ ಹುಟ್ಟುವುದು ಶೆಪರ್ಡನ ಜೊತೆಗಾರ, ಬ್ಲೂಸ್ಕಿನ್ ಎಂಬ ಅಡ್ಡಹೆಸರಿನ ಜೋಸೆಫ್ ಬ್ಲೇಕ್‌ನ ವಿಷಯದಲ್ಲಿ. ಇಬ್ಬರೂ ಸೇರಿ ನೀಬೋನ್ ಎಂಬ ಬಟ್ಟೆ ವ್ಯಾಪಾರಿಯ ಮನೆಗೆ ಕನ್ನ ಹಾಕಿದರು, ಬ್ಲೇಕ್ ಸಿಕ್ಕಿಬಿದ್ದ. ಇಷ್ಟೇ ಆಗಿದ್ದರೆ ಅವನಿಗೆ ಶೆಪರ್ಡನ ಲೇಖನದಲ್ಲಿ ಎರಡು ವಾಕ್ಯ ಸಾಕಿತ್ತು. ಆದರೆ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ, ತನಗೆ ನೇಣಿನ ಬದಲು ಗಡೀಪಾರು ಕೊಡಿಸೆಂದು ಬೇಡಿಕೊಂಡಾಗ ವೈಲ್ಡ್ ಒಪ್ಪದಿರಲು, ಬ್ಲೇಕ್ ಚಾಕುವಿನಿಂದ ಅವನ ಕತ್ತು ಕೊಯ್ದ. ವೈಲ್ಡ್ ಬದುಕಿದನಾದರೂ ವಾರಗಟ್ಟಲೆ ಹಾಸಿಗೆ ಹಿಡಿದ. ಅವನ ಹಿಡಿತ ಸಡಿಲವಾಯಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಅವನೂ ನೇಣಿಗೇರಿದ. ಆ ಹಲ್ಲೆಯನ್ನು ಕುರಿತು ಆಗಲೇ ಲಾವಣಿ ಹುಟ್ಟಿತು, ಇತಿಹಾಸಕಾರರು ಇಂದಿಗೂ ಅದನ್ನು ಚರ್ಚಿಸುತ್ತಾರೆ. ಆದ್ದರಿಂದ ಬ್ಲೇಕ್‌ಗೆ ಲೇಖನವಿರಬಹುದು ಎಂದೇ ನನ್ನ ಅಭಿಪ್ರಾಯ, ಗೆರೆಯನ್ನು ಅವನು ದಾಟುವುದು ಕೂದಲೆಳೆಯಷ್ಟೇ ಆದರೂ. ಅದೇ ಪ್ರಕರಣದಲ್ಲಿ ಕದ್ದ ಮಾಲು ಕೊಳ್ಳುವ ವಿಲಿಯಂ ಫೀಲ್ಡ್ ಎಂಬವನೂ ಇದ್ದಾನೆ. ಅವನಿಲ್ಲದೆ ಪ್ರಕರಣವೇ ಇಲ್ಲ. ಆದರೂ ಅವನಿಗೆ ಲೇಖನ ಸಲ್ಲದು, ಏಕೆಂದರೆ ಆ ಕನ್ನದ ಕಥೆಯಲ್ಲಿ ಹೇಳಿ ಮುಗಿಯದ ಯಾವ ಸಂಗತಿಯೂ ಅವನ ಬಗ್ಗೆ ಹೇಳಲು ಉಳಿಯುವುದಿಲ್ಲ.

ಅಪರಾಧದ ಕ್ರೌರ್ಯವಾಗಲಿ, ಅಂದಿನ ಸುದ್ದಿಯ ಗದ್ದಲವಾಗಲಿ ಅಳತೆಗೋಲಲ್ಲ. ಆ ವ್ಯಕ್ತಿಯ ಮೂಲಕವಲ್ಲದೆ ಬೇರೆ ಯಾವ ಲೇಖನದಿಂದಲೂ ತಿಳಿಯಲಾಗದ ಸಂಗತಿಯೊಂದಿದೆಯೇ, ಅದನ್ನು ಘಟನೆ ತಣ್ಣಗಾದ ಮೇಲೆ ಬೇರೆಬೇರೆ ಲೇಖಕರು ಸ್ವತಂತ್ರವಾಗಿ ಪರಿಶೀಲಿಸಿ ಬರೆದಿದ್ದಾರೆಯೇ ಎಂಬುದನ್ನು ನೋಡಬೇಕು. ಇಂಗ್ಲಿಷ್ ವಿಕಿಪೀಡಿಯದ ಗಮನಾರ್ಹತೆಯ ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಒಂದು ಅಪರಾಧದಿಂದಷ್ಟೇ ಹೆಸರಾದವನ ವಿವರಕ್ಕೆ ಈಗಾಗಲೇ ಇರುವ ಇನ್ನೊಂದು ಲೇಖನದಲ್ಲಿ ಜಾಗವಿದ್ದರೆ, ಸಾಮಾನ್ಯವಾಗಿ ಅವನಿಗೆಂದು ಪ್ರತ್ಯೇಕ ಲೇಖನ ಬೇಡ.

ಕನ್ನಡದಲ್ಲಿ ಬರೆಯುವವರು ಆಕರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಒಬ್ಬ ಆರೋಪಿಯ ಬಂಧನದ ಸುದ್ದಿ ಮರುದಿನ ಹತ್ತು ಪತ್ರಿಕೆಗಳಲ್ಲಿ ಬಂದರೆ ಹತ್ತು ಆಕರಗಳು ಸಿಕ್ಕವೆಂದು ಹುಮ್ಮಸ್ಸಿನಿಂದ ಅಡಿಟಿಪ್ಪಣಿ ತುಂಬುವುದುಂಟು. ಬಿಡಿಸಿ ನೋಡಿದರೆ ಹತ್ತಕ್ಕೂ ಮೂಲ ಪೊಲೀಸರ ಒಂದೇ ಪತ್ರಿಕಾ ಪ್ರಕಟಣೆ. ಅದು ಹತ್ತು ಕಡೆ ಅಚ್ಚಾದ ಒಂದೇ ಆಕರ, ಅದೂ ಪ್ರಕರಣದ ಒಂದು ಪಕ್ಷದ ಮಾತು. ಹಾಗೆಯೇ ಒಬ್ಬನನ್ನು ರೌಡಿ ಶೀಟರ್ ಎಂದು ಬರೆದಾಗ ಓದುಗರು ಅವನನ್ನು ಶಿಕ್ಷೆಯಾದ ಅಪರಾಧಿಯೆಂದೇ ಭಾವಿಸುತ್ತಾರೆ. ರೌಡಿ ಶೀಟ್ ಎಂಬುದು ಪೊಲೀಸ್ ಠಾಣೆಯಲ್ಲಿ ನಿಗಾ ಇಡುವುದಕ್ಕೆಂದು ತೆರೆಯುವ ಕಡತ, ಅದರ ಹಿಂದೆ ನ್ಯಾಯಾಲಯದ ತೀರ್ಪು ಇರಲೇಬೇಕೆಂದಿಲ್ಲ. ಬದುಕಿರುವವನ ಲೇಖನದ ಮೊದಲ ಸಾಲಿನಲ್ಲಿ ಆ ಪದವನ್ನು ಅವನ ಉದ್ಯೋಗವೆಂಬಂತೆ ಬರೆಯುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಸರ್ಕಾರದ ಕಡತ ಕೊಟ್ಟ ಹೆಸರನ್ನು ಕಣ್ಣುಮುಚ್ಚಿ ಒಪ್ಪಿದರೆ ಏನಾಗುತ್ತದೆಂಬುದು ನಮ್ಮ ನೆಲದವರಿಗೆ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು ಬ್ರಿಟಿಷರ ದಾಖಲೆಗಳಲ್ಲಿ ಶಿಕ್ಷಾರ್ಹ ದಂಗೆಕೋರರು. ಅವರ ಇನ್ನೊಂದು ಚಿತ್ರ ಉಳಿದದ್ದು ಲಾವಣಿಯಲ್ಲಿ. ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಂತೂ ಹುಟ್ಟಿನಿಂದಲೇ ಇಡೀ ಸಮುದಾಯಗಳಿಗೆ ಕಳ್ಳರೆಂಬ ಮುದ್ರೆ ಒತ್ತಿತು. ಅದು ರದ್ದಾದದ್ದು 1952ರಲ್ಲಿ. ಆ ಕಾಲದ ಪೊಲೀಸ್ ವರದಿಯೊಂದನ್ನೇ ನೆಚ್ಚಿ ಒಬ್ಬ ಕಳ್ಳನ ಜೀವನಚರಿತ್ರೆ ಬರೆಯಲು ಹೊರಟವರು ಈ ಕಾಯ್ದೆಯನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಬದುಕಿರುವವರ ವಿಷಯ ಇನ್ನೂ ಸೂಕ್ಷ್ಮ. 1990ರಲ್ಲಿ ಜರ್ಮನಿಯ ನಟ ವಾಲ್ಟರ್ ಝೆಡ್ಲ್‌ಮೈರ್ ಕೊಲೆಯಾದರು. ಶಿಕ್ಷೆಗೊಳಗಾದ ಇಬ್ಬರು ದೀರ್ಘ ಸೆರೆವಾಸದ ನಂತರ ಬಿಡುಗಡೆಯಾಗಿ, ತಮ್ಮ ಹೆಸರನ್ನು ಹಳೆಯ ಸುದ್ದಿಗಳಿಂದಲೂ ವಿಕಿಪೀಡಿಯದಿಂದಲೂ ತೆಗೆಸಲು ಕಾನೂನಿನ ಮೊರೆಹೊಕ್ಕರು. 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಸುದ್ದಿಸಂಸ್ಥೆಗಳು ಹಳೆಯ ವರದಿಗಳಿಂದ ಹೆಸರು ಅಳಿಸಬೇಕಾಗಿಲ್ಲವೆಂದು ತೀರ್ಮಾನಿಸಿತು. ಆ ತೀರ್ಪು ನನಗೆ ಸರಿಯೆನಿಸುತ್ತದೆ. ಅಂದು ಅಚ್ಚಾದದ್ದನ್ನು ಇಂದು ತಿದ್ದಿದರೆ ಚರಿತ್ರೆ ಕೆಡುತ್ತದೆ. ಆದರೆ ಹಳೆಯ ವರದಿಯನ್ನು ಉಳಿಸಿಕೊಳ್ಳುವುದು ಬೇರೆ, ಇಂದು ಹೊಸದಾಗಿ ಲೇಖನ ಬರೆದು ಒಬ್ಬನ ಹೆಸರು ಹುಡುಕಿದ ಕೂಡಲೇ ಮೊದಲಿಗೆ ಅದೇ ಕಾಣುವಂತೆ ಮಾಡುವುದು ಬೇರೆ. ನಟನ ಕುರಿತ ಲೇಖನದಲ್ಲಿ ಕೊಲೆಯ ವಿವರ ಇರಬೇಕು. ಕೊಲೆಗಾರರಿಗೆ ಪ್ರತ್ಯೇಕ ಜೀವನಚರಿತ್ರೆ ಬೇಕಾಗಿಲ್ಲ. ಈ ಮಾತಿನಲ್ಲಿ ಅವರ ಹೆಸರು ಹೇಳದೆಯೂ ನಿಮಗೆ ಪ್ರಕರಣ ಅರ್ಥವಾಗಿದೆ.

ಹಾಗೆಂದು ಸಂಕೋಚದಿಂದ ಎಲ್ಲವನ್ನೂ ಮುಚ್ಚಿಡುವುದೂ ತಪ್ಪು. ಹಲವು ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾದ ತಮಿಳುನಾಡಿನ ಆಟೋ ಶಂಕರ್ ಸೆರೆಮನೆಯಲ್ಲಿ ಬರೆದನೆನ್ನಲಾದ ಆತ್ಮಕಥೆಯಲ್ಲಿ ಅಧಿಕಾರಿಗಳ ಜೊತೆಗಿನ ನಂಟಿನ ಪ್ರಸ್ತಾಪವಿತ್ತು. ಅದರ ಪ್ರಕಟಣೆಯನ್ನು ತಡೆಯಲು ಯತ್ನ ನಡೆದಾಗ, 1994ರಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಲು ಅಪರಾಧಿಯ ಒಪ್ಪಿಗೆ ಬೇಕಿಲ್ಲ, ಸರ್ಕಾರ ಮುಂಚಿತವಾಗಿ ತಡೆಯುವಂತೆಯೂ ಇಲ್ಲ ಎಂದಿತು. ಲೈಂಗಿಕ ದೌರ್ಜನ್ಯಕ್ಕೊಳಗಾದ ಹೆಣ್ಣಿನ ಹೆಸರನ್ನು ಮಾತ್ರ ಆ ಅವಕಾಶದಿಂದ ಹೊರಗಿಟ್ಟಿತು. ಸಣ್ಣ ಅಪರಾಧಿಯೊಬ್ಬನ ಪ್ರಕರಣ ಅಧಿಕಾರದಲ್ಲಿರುವವರ ನಡತೆಯನ್ನು ಬಯಲಿಗೆಳೆದಿದ್ದರೆ, ಅದನ್ನು ಬರೆಯಲೇಬೇಕು.

ಅಂಥ ಸಂದರ್ಭದಲ್ಲೂ ಪ್ರಕರಣವನ್ನೇ ಶೀರ್ಷಿಕೆಯಾಗಿಸಿ ಲೇಖನ ಬರೆದು, ಆರೋಪ ಯಾವುದು, ತೀರ್ಪು ಯಾವುದು, ಮೇಲ್ಮನವಿಯಲ್ಲಿ ಏನಾಯಿತು ಎಂಬುದನ್ನು ದಿನಾಂಕ ಸಹಿತ ದಾಖಲಿಸುವುದು ಉತ್ತಮ. ಮೃತ ಅಪರಾಧಿಯ ಹೆಸರಿನಿಂದ ಹುಡುಕುವವರನ್ನು ಆ ಪುಟಕ್ಕೆ ಕಳುಹಿಸುವ ಪುನರ್ನಿರ್ದೇಶನ ಸಾಕಾಗುತ್ತದೆ. ಬದುಕಿರುವವನು ಖುಲಾಸೆಯಾಗಿದ್ದರೆ ಪುನರ್ನಿರ್ದೇಶನವೂ ಬೇಡ. ಅವನ ಹೆಂಡತಿ ಮಕ್ಕಳ ಹೆಸರು, ಮನೆಯಿರುವ ಬೀದಿ, ಜಾತಿ ಇವು ಯಾವ ಸ್ಥಿತಿಯಲ್ಲೂ ಆ ಪುಟಕ್ಕೆ ಬರಬಾರದು.